ರಾಗಿ ಗಂಜಿಯ ನೂಲು

ನನ್ನ ಅಣ್ಣ ಮದ್ರಾಸಿನಲ್ಲಿ ರಾಜ್ಯಶಾಸ್ತ್ರ ಓದಿ ಪಾಸಾದ. ಅವನ ಆ ಓದಿಗೆ ನಮ್ಮ ಪಕ್ಕದ ಮನೆ ಚಿಕ್ಕವ್ವನ ಮಗ್ಗದ ಹಾಸು ಬಿಸಿಲಲ್ಲಿ ಒಣಗಿ ಹಾಳಾಯಿತು. ನಡೆದದ್ದು ಇಷ್ಟೇ. ಬೀದಿಯ ಜನ ಎಚ್ಚೆತ್ತರು ಅಂತ ಅಣ್ಣ ಆಮೇಲೆ ಹೇಳಿಕೊಂಡು ತಿರುಗಿದ. ಯಾರೂ ಎಚ್ಚೆತ್ತುಕೊಳ್ಳಲಿಲ್ಲ. ನಾನು ಅಲ್ಲೇ ಇದ್ದೆ.

ಮೂವತ್ತರ ದಶಕದ ಮಾತು. ಕೋಯಮತ್ತೂರಿನ ಕಡೆ, ಸೂಲೂರಿನ ಹತ್ತಿರ ನಮ್ಮದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮಗ್ಗದ ಗುಂಡಿಗೆ ಕಾಲು ಇಳಿಸಿದೆ. ಅಣ್ಣ ಒಬ್ಬನೇ ಓದಿದ. ನಾನೀಗ ಬರೆಯುವ ಈ ಕನ್ನಡ ಅಕ್ಷರವೂ ಅವನು ರಜಕ್ಕೆ ಬಂದಾಗ ತಿದ್ದಿಸಿದ್ದು. ಮದ್ರಾಸಿನ ಆ ದೊಡ್ಡ ಸರ್ಕಾರಿ ಯೂನಿವರ್ಸಿಟಿಯಲ್ಲಿ ಅವನು ಕಲಿಯುತ್ತಿದ್ದದ್ದು ರಾಜ್ಯ ಹೇಗೆ ಆಳಬೇಕು, ಜನ ಹೇಗೆ ಆರಿಸಬೇಕು ಅನ್ನುವ ಪಾಠ.

"ಅದಕ್ಕೂ ಪರೀಕ್ಷೆ ಇದೆಯಾ?" ಅಂತ ಅವ್ವ ಕೇಳಿದಳು.

"ಇದೆ ಅವ್ವ. ಫೇಲೂ ಆಗ್ತಾರೆ."

"ಮತ್ತೆ ಆಳೋರಿಗೆ ಯಾರಪ್ಪ ಪರೀಕ್ಷೆ ಇಡ್ತಾರೆ?"

ಅಣ್ಣ ನಕ್ಕ. 

ಆ ಸಲ ರಜಕ್ಕೆ ಬರುವಾಗ ಅವನ ಮೇಷ್ಟ್ರು ಒಂದು ಕೆಲಸ ಕೊಟ್ಟು ಕಳಿಸಿದ್ದರು. ನಿಮ್ಮ ನಿಮ್ಮ ಊರಲ್ಲಿ ಆಡಳಿತ ಹೇಗೆ ನಡೆಯುತ್ತದೆ, ನೋಡಿ ಬರೆದು ತನ್ನಿ ಅಂತ. ನಮ್ಮ ಬೀದಿಯಲ್ಲಿ ಆಡಳಿತ ಅಂದರೆ ಎಜಮಾನರು. ಜಗಳ ತೀರಿಸುವುದು, ಗುಡಿಯ ಪೂಜೆ, ಯಾವತ್ತು ಯಾರ ಹಾಸು ಬೀದಿಗೆ ಬರಬೇಕು, ಎಲ್ಲ ಅವರು ಹೇಳಿದಂತೆ. ಅಣ್ಣ ನೋಡಿ ಬರೆದಿದ್ದರೆ ಮುಗಿಯುತ್ತಿತ್ತು. ಅವನಿಗೆ ಮಾಡಿಯೇ ನೋಡಬೇಕು ಅನ್ನಿಸಿತು. ಆಗ ಪ್ರಾಂತ್ಯದಲ್ಲೆಲ್ಲ ಚುನಾವಣೆಯ ಗಲಾಟೆ, ಪಕ್ಷಕ್ಕೊಂದು ಬಣ್ಣದ ಓಟಿನ ಪೆಟ್ಟಿಗೆಯ ಮಾತು. ನಮ್ಮ ಎಜಮಾನರನ್ನೂ ಹಾಗೇ ಗುಟ್ಟಾಗಿ ಓಟು ಹಾಕಿ ಆರಿಸೋಣ ಅಂದ. ನೂಲಿಗೆ ಬಣ್ಣ ಹಾಕುವವನೊಬ್ಬ ಎದುರು ನಿಲ್ಲಲು ಒಪ್ಪಿದ. ಎಜಮಾನರು ಮೀಸೆ ತೀಡಿಕೊಂಡು, ಮಗುವನ್ನು ಮುದ್ದಿಸುವ ತಮಿಳು ದನಿಯಲ್ಲಿ, "ಆಗಲಿ ಕಣ್ಣೂ, ನಿನ್ನ ಪಾಠ ನಮಗೂ ಒಸಿ ಆಗಲಿ" ಅಂದರು.

ಮನೆಗೊಂದು ಓಟು. ಚಿಕ್ಕವ್ವನದೂ ಒಂದು ಮನೆಯೇ ಅಂತ ಅಣ್ಣ ಹಠ ಹಿಡಿದ. ಅವಳು ಗಂಡ ಸತ್ತವಳು. ಒಂದು ಮಗ್ಗ, ಎರಡು ಸಣ್ಣ ಹೆಣ್ಣುಮಕ್ಕಳು. ರಕ್ತಸಂಬಂಧ ಏನಿಲ್ಲ, ನಾವು ಕರೆಯುತ್ತಿದ್ದದ್ದು ಹಾಗೆ.

"ನನಗ್ಯಾಕಪ್ಪ ಇದೆಲ್ಲ? ನನ್ನ ಹಾಸು ತೀಡೋಕೆ ನಾಲ್ಕು ಕೈ ಬಂದ್ರೆ ಸಾಕು" ಅಂದಳು.

"ಯಾರಿಗೂ ಗೊತ್ತಾಗಲ್ಲ ಚಿಕ್ಕವ್ವ, ದೇವರಾಣೆ" ಅಂದ ಅಣ್ಣ.

ನಾಲ್ಕು ಕೈ ಅಂದದ್ದು ಸುಮ್ಮನೆ ಅಲ್ಲ. ಹಾಸು ಅಂದರೆ ಮಗ್ಗಕ್ಕೆ ಏರಿಸುವ ಉದ್ದದ ಎಳೆಗಳು. ಅದಕ್ಕೆ ಗಂಜಿ ಕುಡಿಸಿ, ಬೆಳಕು ಹರಿಯುವಾಗ ಬೀದಿಯುದ್ದ ಎಳೆದು ಕಟ್ಟಿ, ಬಿಸಿಲೇರುವ ಮುಂಚೆ ಎರಡೂ ಕಡೆ ನಿಂತು ಕುಂಚದಲ್ಲಿ ತೀಡಬೇಕು. ತಡವಾದರೆ ಎಳೆಗೆ ಎಳೆ ಅಂಟಿ ಹಗ್ಗವಾಗುತ್ತದೆ. ಒಬ್ಬರ ಕೈಲಿ ಆಗುವುದಲ್ಲ. ಇವತ್ತು ನಿಮ್ಮದಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು, ಬೀದಿ ಬದುಕುತ್ತಿದ್ದದ್ದು ಹಾಗೆ.

ಓಟಿಗೆ ಏನು ಹಾಕಿಸುವುದು ಅಂತ ಅಣ್ಣ ತಲೆ ಕೆರೆದುಕೊಂಡ. ಚೀಟಿ ಬರೆಯೋಣ ಅಂದರೆ ಓದುಬರಹ ಬಲ್ಲವರು ಕಡಿಮೆ. ಹುಣಸೆಬೀಜ ಅಂದ. ನಾನು ನಗಾಡಿದೆ. "ಒಂದು ಹಾಕೋ ಕಡೆ ನಾಲ್ಕು ಹಾಕಿ ಬರ್ತಾರೆ. ಅವರವರ ಮಗ್ಗದಿಂದ ಒಂದು ಗೇಣು ನೂಲು ತರೋಕೆ ಹೇಳು. ಒಂದೊಂದು ಮನೆ ಬಣ್ಣ, ಗಂಜಿ ಒಂದೊಂದು ಥರ, ಒಂದೇ ಮನೇದು ಎರಡು ಬಿದ್ದರೆ ಸಿಕ್ಕಿಬೀಳುತ್ತೆ."

"ಏ, ನೀನು ಓದಬೇಕಿತ್ತು ಕಣೇ!" ಅಂದ ಅಣ್ಣ. ಅವತ್ತೆಲ್ಲ ಆ ಮಾತು ನೆನೆಸಿಕೊಂಡು ಉಬ್ಬಿ ನೇಯ್ದೆ. ಒಂದೇ ಮನೆಯ ನೂಲು ಅಂತ ನಮಗೆ ಗೊತ್ತಾದರೆ, ಯಾವ ಮನೆಯದು ಅಂತ ಎಜಮಾನರಿಗೂ ಗೊತ್ತಾಗುತ್ತದೆ. ಇದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವನಿಗೆ ಹೊಳೆಯದ್ದಕ್ಕೆ ಕಾರಣ ಇತ್ತು, ಅವನು ಮಗ್ಗ ಬಿಟ್ಟು ಎಷ್ಟೋ ವರ್ಷ. ನನಗೇನು ಕಾರಣ?

ಗುಡಿಯ ಹಿಂದಿನ ಕೋಣೆಯಲ್ಲಿ ಎರಡು ಮಡಕೆ ಇಟ್ಟೆವು. ಅರಿಶಿನ ಬಳಿದದ್ದು ಎಜಮಾನರದು, ಸುಣ್ಣ ಬಳಿದದ್ದು ಬಣ್ಣದವನದು. ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ಸಂಜೆ ಎಲ್ಲರೆದುರು ತೆಗೆದರೆ ಅರಿಶಿನದ ಮಡಕೆಯಲ್ಲೇ ಜಾಸ್ತಿ. ಎಜಮಾನರೇ ಗೆದ್ದರು. ಅಲ್ಲಿಗೆ ಎದ್ದು ಹೋಗಬಹುದಿತ್ತು.

ಅವರು ಸುಣ್ಣದ ಮಡಕೆ ಮುಂದಕ್ಕೆಳೆದುಕೊಂಡು ಒಂದೊಂದೇ ನೂಲನ್ನು ಬೆರಳಲ್ಲಿ ಹೊಸೆದು ನೋಡಿದರು. "ಇದು ಮೂಲೆಮನೆ ನೀಲಿ. ಇದು ಬಾವಿ ಪಕ್ಕದವನದು, ಗಂಜಿಗೆ ಎಣ್ಣೆ ಜಾಸ್ತಿ ಸುರೀತಾನೆ." ಹೆಸರು ಬಂದ ಗಂಡಸರು ಹಲ್ಲು ಗಿಂಜಿದರು. ಎಲೆಅಡಿಕೆ ಹಿಡಿದು ತಪ್ಪಾಯ್ತು ಅನ್ನಲು ಹೋದರೆ ಅವರಿಗೆ ಸರಿಹೋಗುತ್ತಿತ್ತು, ಸರಿಯೂ ಹೋಯಿತು. ಕೊನೆಗೆ ಕಂದು ಬಣ್ಣದ ಒಂದು ತುಂಡು ಬಂತು.

"ರಾಗಿ ಗಂಜಿ" ಅಂದರು.

ಅನ್ನದ ಗಂಜಿ ಹಾಕಲು ಗತಿಯಿಲ್ಲದ ಮನೆ ನಮ್ಮ ಬೀದಿಯಲ್ಲಿ ಚಿಕ್ಕವ್ವನದೊಂದೇ.

"ನಾಳೆ ಇವಳ ಹಾಸಲ್ವಾ? ಆರಿಸೋದು ಕಲಿತಿದ್ದಾಳೆ. ತೀಡೋರನ್ನೂ ಅವಳೇ ಆರಿಸ್ಕೊಳ್ಳಲಿ."

ಅಣ್ಣ ಎದ್ದು ನಿಂತ. "ಇದು ಅನ್ಯಾಯ ಎಜಮಾನ್ರೇ. ಗುಟ್ಟು ಅಂದ್ಮೇಲೆ ಗುಟ್ಟು."

"ಗುಟ್ಟು ನಾನು ಒಡೆದೆನಾ? ನೂಲು ಹೇಳ್ತು. ನೂಲು ತರಿಸಿದ್ದು ಯಾರು?" ಅಂದು, ದನಿ ಇಳಿಸಿ, "ನಿಮ್ಮಪ್ಪನ ನೂಲು ನನ್ನ ಮಡಕೇಲೇ ಇದೆ. ನೀನು ನೆಮ್ಮದಿಯಾಗಿ ಹೋಗಿ ಓದು ಸಾಮಿ" ಅಂದರು.

ಬಣ್ಣದವನಿಗೇ ಹಾಕುತ್ತೇನೆ ಅಂತ ಅಪ್ಪ ಅಣ್ಣನಿಗೆ ಮಾತು ಕೊಟ್ಟಿದ್ದ. ಈಗ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಹೆಂಗಸರ ಸಾಲಿನಲ್ಲಿ ಚಿಕ್ಕವ್ವ ನನ್ನ ಪಕ್ಕದಲ್ಲೇ ಇದ್ದಳು. ನೂಲಿಗೆ ಆಗಲೇ ಗಂಜಿ ಕುಡಿಸಿ ಬಂದಿದ್ದಳು, ಮುಂದಕ್ಕೆ ಹಾಕುವ ಹಾಗಿರಲಿಲ್ಲ.  ಸೆರಗು ಬಿಗಿ ಮಾಡಿಕೊಂಡು ಎದ್ದು ಹೋದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅಣ್ಣ ಬರೆದದ್ದನ್ನು ಮೇಷ್ಟ್ರು ಮದ್ರಾಸಿನಲ್ಲಿ ಇಡೀ ಕ್ಲಾಸಿಗೆ ಓದಿ ಹೇಳಿದರಂತೆ. ಅದರಲ್ಲಿ ಚಿಕ್ಕವ್ವ "ಒಬ್ಬ ವಿಧವೆ ಮತದಾರಳು" ಆಗಿದ್ದಳು. ಹಾಸಿನ ಮಾತು ಇರಲಿಲ್ಲ. ನೂಲು ತರಿಸು ಅಂದವಳೂ ಇರಲಿಲ್ಲ.

ಓಟಿನ ಮರುದಿನ ಬೆಳಿಗ್ಗೆ ಅಣ್ಣ ಹೊರಡಬೇಕು, ಕೋಯಮತ್ತೂರಿಗೆ ಬಂಡಿ, ಅಲ್ಲಿಂದ ರೈಲು. ನಾನು ನಿಲ್ಲುತ್ತೇನೆ, ಚಿಕ್ಕವ್ವನ ಜೊತೆ ತೀಡುತ್ತೇನೆ ಅಂದ. "ನೀನು ತೀಡಿ ಹೋಗ್ತೀಯ, ನಮ್ಮ ಹಾಸು ನಾಳಿದ್ದು ಬೀದೀಲೇ ಒಣಗುತ್ತೆ. ಬಂಡಿ ಹತ್ತು" ಅಂದ ಅಪ್ಪ. ಅಣ್ಣ ಹತ್ತಿದ. ನನಗೆ ಅಪ್ಪ ಬೆಳಿಗ್ಗೆಯೇ, "ಬುತ್ತಿ ಕಟ್ಟು, ಹೊರಗೆ ಕಾಲಿಡಬೇಡ" ಅಂದಿದ್ದ. ಕಟ್ಟಿದೆ. ಬೇಕಂತಲೇ ನಿಧಾನವಾಗಿ ಕಟ್ಟಿದೆ, ಹೊರಗೆ ಹೋಗದಿರಲು ಅದೊಂದು ನೆಪ. ಹೊರಗೆ ಚಿಕ್ಕವ್ವನೂ ಆ ಎರಡು ಮಕ್ಕಳೂ ಓಡಾಡುವುದು ಕೇಳುತ್ತಿತ್ತು. ಬಂಡಿ ತಿರುವು ದಾಟುವಾಗ ಬಿಸಿಲು ಹೆಂಚಿನ ಮೇಲೆ ಬಂದಿತ್ತು.

ಆಮೇಲೆ ನಮ್ಮ ಕುಂಚ ತೆಗೆದುಕೊಂಡು ಹೊರಗೆ ಹೋದೆ. ಅಪ್ಪ ಕೂಗಿದ, ತಿರುಗಲಿಲ್ಲ. ಅರ್ಧ ಹಾಸು ಆಗಲೇ ಕಡ್ಡಿಯಾಗಿತ್ತು. ಕುಂಚ ಪ್ರಯೋಜನಕ್ಕೆ ಬರಲಿಲ್ಲ.

"ಅದನ್ನ ಬಿಸಾಕಿ ಕೈ ಒದ್ದೆ ಮಾಡ್ಕೋ" ಅಂದಳು ಚಿಕ್ಕವ್ವ.

ಕೈ ಒದ್ದೆ ಮಾಡಿಕೊಂಡು, ಒಣಗಿದ ತುದಿಯಲ್ಲಿ ಕೂತು, ಎಳೆ ಬಿಡಿಸಲು ಶುರು ಮಾಡಿದೆ.