ತೆಂಗಿನ ಮೇಣ

ಬೀದಿಯವರಿಗೆಲ್ಲ ಅವಳು ಕ್ರೀಮಕ್ಕ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಒಲೆ, ತಕ್ಕಡಿ ಇಟ್ಟುಕೊಂಡು ಹದಿನಾಲ್ಕು ವರ್ಷದಿಂದ ಕೈಗೆ ಹಚ್ಚುವ ಕ್ರೀಮು ಕಾಯಿಸಿದವಳು. ಎಣ್ಣೆ, ನೀರು ಎಷ್ಟು ಕಡೆದರೂ ತೆಳ್ಳಗೇ ಇರುತ್ತದೆ. ತೆಂಗಿನೆಣ್ಣೆಯಿಂದ ತಯಾರಾದ ಬಿಳಿ ಚಕ್ಕೆಗಳನ್ನು ಕರಗಿಸಿ ಸುರಿದರೆ ಆರುತ್ತ ಆರುತ್ತ ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಅದರ ಹೆಸರು ಸೀಟೈಲ್ ಆಲ್ಕೋಹಾಲ್. ಹೆಸರಷ್ಟೇ ದೊಡ್ಡದು, ವಸ್ತು ಬಲು ಸಾಧು.

ಗಿರಾಕಿಗಳು ಕೇಳಬೇಕಲ್ಲ! ಡಬ್ಬಿಯ ಮೇಲೆ ಆ ಹೆಸರು ಓದಿದ್ದೇ ತಡ, "ಅಯ್ಯೋ, ಕೆಮಿಕಲ್ಲು!" ಎಂದು ವಾಪಸಿಡುತ್ತಿದ್ದರು. ಹೇಳಿ ಹೇಳಿ ಸಾಕಾಗಿ ಹೊಸ ಚೀಟಿ ಅಚ್ಚು ಹಾಕಿಸಿದಳು: ತೆಂಗಿನ ಮೇಣ. ಬಂದದ್ದು ತೆಂಗಿನಿಂದಲೇ ತಾನೆ, ಸುಳ್ಳೇನು ಬಂತು? ವ್ಯಾಪಾರ ಕುದುರಿತು.

ಅವಳ ಅಕ್ಕ ಬಟ್ಟೆ ಹೊಲಿಯುವವಳು, ತಾಯಿಯಿಲ್ಲದ ತಂಗಿಯನ್ನು ಹೊಲಿದೇ ಸಾಕಿದವಳು. ಅಕ್ಕನ ಬೆರಳಿಗೆ ತುರಿ ಎದ್ದಾಗ ಚರ್ಮದ ಡಾಕ್ಟರು ಪರೀಕ್ಷೆ ಮಾಡಿ, ಹಚ್ಚಬಾರದ್ದೆಂದು ಬರೆದುಕೊಟ್ಟದ್ದು ಅದೇ ಸೀಟೈಲ್ ಆಲ್ಕೋಹಾಲಿನ ಹೆಸರು. ಎಲ್ಲೋ ಒಬ್ಬಿಬ್ಬರಿಗೆ ಅದು ಆಗಿಬರುವುದಿಲ್ಲವಂತೆ. ಡಾಕ್ಟರು ಬರೆದದ್ದನ್ನು ತಂಗಿಗೂ ತೋರಿಸಿದ್ದಳು.

ಒಂದು ದಿನ ಅಕ್ಕ ತಂಗಿಯ ಮನೆಗೆ ಬಂದವಳು ಕಪಾಟಿನಿಂದ ಡಬ್ಬಿ ತೆಗೆದು, ಕನ್ನಡಕ ಏರಿಸಿ ಓದಿ, "ಸದ್ಯ, ಇದ್ರಲ್ಲಿ ಅದಿಲ್ಲ" ಎಂದು ಚೀಲಕ್ಕೆ ಹಾಕಿಕೊಂಡಳು. ಪಕ್ಕದಲ್ಲೇ ಗಿರಾಕಿಯೊಬ್ಬಳು ನಿಂತಿದ್ದಳು. ಕ್ರೀಮಕ್ಕನ ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯಿತು. ಸಂಜೆ ಫೋನು ಮಾಡಿ ಹೇಳಿದರಾಯಿತು ಅಂದುಕೊಂಡಳು. ಹೇಳಲಿಲ್ಲ. ನಾಳೆ ಅಂದಳು, ನಾಡಿದ್ದು ಅಂದಳು. ಹೀಗೇ ಮೂರು ವಾರ ಕಳೆಯಿತು. ಕೊನೆಗೆ ಎದ್ದು ಅಕ್ಕನ ಮನೆಗೆ ಹೋದಳು.

ಅಕ್ಕನ ಬೆರಳುಗಳು ಒಡೆದು ರಕ್ತ ಜಿನುಗುತ್ತಿತ್ತು.

"ಸೋಪು ಬಿಟ್ಟೆ, ಈರುಳ್ಳಿ ಹೆಚ್ಚೋದು ಬಿಟ್ಟೆ ಕಣೇ. ನಿನ್ ಕ್ರೀಮೊಂದನ್ನೇ ನಂಬ್ಕೊಂಡು ದಿನಾ ನಾಕು ಸಲ ಹಚ್ತಿದೀನಿ."

"ಅಕ್ಕಾ, ಅದು ಇದ್ರಲ್ಲೇ ಇದೆ. ಹೆಸರು ಬದಲಾಯಿಸಿದ್ದೆ. ಅವತ್ತು ನೀನು ಓದುವಾಗ್ಲೇ ಹೇಳ್ಬೇಕಿತ್ತು. ಗಿರಾಕಿ ಕೇಳಿಸ್ಕೋತಾಳೆ ಅಂತ ಸುಮ್ನಾದೆ."

ಅಕ್ಕ ಬಯ್ಯಲಿಲ್ಲ. ಬೈದು ಕೆನ್ನೆಗೆರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ಗುಂಡಿ ಹಚ್ಚದೆ ಬಿದ್ದಿದ್ದ ಕೋಟೊಂದನ್ನು ಎಳೆದು ತಂಗಿಯ ಮಡಿಲಿಗೆ ಹಾಕಿದಳು.

"ನಾಳೆ ಕೊಡ್ಬೇಕು. ನನ್ ಕೈಲಿ ಸೂಜಿ ಹಿಡಿಯೋಕಾಗ್ತಿಲ್ಲ. ನೀನೇ ಹೊಲಿ."

"ನಂಗೆ ಬರಲ್ವಲ್ಲ ಅಕ್ಕಾ..."

"ಗೊತ್ತು," ಎಂದಳು ಅಕ್ಕ. "ನಿನ್ ಕೈ ನೋಯ್ಬಾರ್ದು ಅಂತ ನಾನೇ ಕಲಿಸ್ಲಿಲ್ಲ."