ಎರಡು ಟಿಕೆಟ್ಟಿನಲ್ಲಿ ಹೋಗಿ ಎರಡೂವರೆಯಲ್ಲಿ ಬಂದದ್ದು

ಕೃಷ್ಣರಾಜನಗರದ ಬಸ್ ಸ್ಟ್ಯಾಂಡಿನಿಂದ ಹುಣಸೂರಿನ ಮೊದಲ ಬಸ್ಸು ಹೊರಡುವ ಹೊತ್ತಿಗೆ ನಾನು ಮನೆಯ ಬೀಗ ಎಳೆದು ನೋಡಲು ಇನ್ನೊಮ್ಮೆ ಓಡಿಹೋಗಿ ಬಂದಿದ್ದೆ. "ರೀ, ಬೀಗ ಎಲ್ಲಿಗೂ ಓಡೋಗಲ್ಲ. ಬಸ್ಸು ಹೋಗುತ್ತೆ, ಹತ್ತಿ" ಎಂದಳು ನನ್ನ ಹೆಂಡತಿ ಜಯಮ್ಮ. ಅವಳ ಮಡಿಲಲ್ಲಿ ತಂಬಿಟ್ಟಿನ ಡಬ್ಬಿ, ಒಂದು ಪುಟ್ಟ ಚಡ್ಡಿ, ಒಂದು ಅಂಗಿ. ಅಳತೆ ಗೊತ್ತಿಲ್ಲದೆ ಅಂದಾಜಿನಲ್ಲಿ ಹೊಲಿಸಿದ್ದು. ನಾವು ಮಗುವನ್ನು ಕೇಳಲು ಹೊರಟಿದ್ದೆವು.

ಟಿಬೆಟ್‌ನಿಂದ ಗಡಿ ದಾಟಿ ಬಂದವರಿಗೆ ಸರ್ಕಾರ ಬೈಲಕುಪ್ಪೆಯ ಹತ್ತಿರ ಕಾಡು ಕಡಿಸಿ ಜಮೀನು ಕೊಟ್ಟು ಆಗ ಕೆಲವೇ ವರ್ಷಗಳಾಗಿದ್ದವು. ಹಿಂದಿನ ಬೇಸಿಗೆಯಲ್ಲಿ ಜಯಮ್ಮ ತಂಗಿಯ ಬಾಣಂತನಕ್ಕೆಂದು ಹುಣಸೂರಿನ ಆಸ್ಪತ್ರೆಯಲ್ಲಿದ್ದಾಗ, ಬೈಲಕುಪ್ಪೆಯ ಒಬ್ಬ ಟಿಬೆಟ್ ಮುದುಕಿ ಕೆಮ್ಮಿನಿಂದ ಅದೇ ವಾರ್ಡಿಗೆ ಸೇರಿದ್ದಳು. ಜೊತೆಯಲ್ಲಿ ಒಂದು ಗಂಡುಮಗು, ಹೆಸರು ದೋರ್ಜೆ. ಅವಳ ಮೊಮ್ಮಗನಲ್ಲ. ದಾರಿಯಲ್ಲಿ ಹಿಮದಲ್ಲಿ ತಾಯಿ ತೀರಿಕೊಂಡಾಗ ಎತ್ತಿಕೊಂಡು ಬಂದ ಕೂಸು. ಮುದುಕಿ ಮಲಗಿದ್ದಷ್ಟು ದಿನ ಅವನಿಗೆ ಉಣ್ಣಿಸಿದವಳು, ಮೀಯಿಸಿದವಳು ಜಯಮ್ಮ. ಅವನು ಕಲಿತ ಕನ್ನಡ ಒಂದೇ ಪದ, ಇಡ್ಲಿ. ಊರಿಗೆ ಮರಳಿದ ಮೇಲೆ ಜಯಮ್ಮ ಇಡ್ಲಿ ಮಾಡುವುದನ್ನೇ ಬಿಟ್ಟಳು. ಹದಿನೆಂಟು ವರ್ಷ ಮಕ್ಕಳಿಲ್ಲವೆಂದು ಒಂದು ಮಾತೂ ಆಡದವಳು ಇಡ್ಲಿ ಪಾತ್ರೆಯನ್ನು ಅಟ್ಟಕ್ಕೆ ಹಾಕಿದಾಗ ನನಗೆ ಅರ್ಥವಾಯಿತು. ಮಗುವನ್ನು ನಮಗೆ ಕೊಡುವಿರಾ ಎಂದು ಅವರ ಕ್ಯಾಂಪಿಗೆ ಹೇಳಿ ಕಳಿಸಿದೆವು. "ಬನ್ನಿ, ಮಾತಾಡೋಣ" ಎಂದಷ್ಟೇ ಉತ್ತರ ಬಂತು. ಕೊಡುತ್ತೇವೆ ಎಂದಲ್ಲ.

ಹುಣಸೂರಿನಲ್ಲಿ ಬಸ್ಸು ಬದಲಿಸಿದೆವು. ಮಳೆ ಹಿಂದೆಗೆದಿತ್ತು. ಪಿರಿಯಾಪಟ್ಟಣದ ಕಡೆ ಹೊಲಗಳ ನಡುವಿನ ಹೊಗೆಸೊಪ್ಪಿನ ಮನೆಗಳಿಂದ ಬೇಯುವ ಎಲೆಯ ಸಿಹಿ ಕಮಟು ಬಸ್ಸಿನೊಳಗೆ ನುಗ್ಗುತ್ತಿತ್ತು. ಕಂಡಕ್ಟರ್ ಹುರಿಮೀಸೆಯ ಯುವಕ. ಎಲ್ಲಿಗೆಂದು ಕೇಳಿದ.

"ಬೈಲಕುಪ್ಪೆ, ಎರಡು" ಎಂದೆ.

"ನಾಯಿಮರಿ ತರಕ್ಕಾ ಸಾ? ಅಲ್ಲಿಗೆ ಓಗೋರೆಲ್ಲ ಅದ್ಕೇ ಓಗೋದು. ಜೂಲು ಜೂಲು, ಚೆಂದಾಕವೆ."

"ಮಗನ್ನ ಕರ್ಕೊಂಡು ಬರಕ್ಕೆ" ಎಂದಳು ಜಯಮ್ಮ, ಕಿಟಕಿಯಿಂದ ಮುಖ ತಿರುಗಿಸದೆ. ಕಂಡಕ್ಟರ್ ಚಿಲ್ಲರೆ ಕೊಟ್ಟು ಹಿಂದೆ ಹೋದ.

ಪಿರಿಯಾಪಟ್ಟಣದಲ್ಲಿ ಕಾಫಿಗೆ ನಿಂತಾಗ ನನ್ನ ಯೋಚನೆಗಳು ಸಾಲಾಗಿ ಎದ್ದವು. ಹಿಮದ ನಾಡಿನ ಹೊಟ್ಟೆಗೆ ರಾಗಿಮುದ್ದೆ ಹಿಡಿಸುತ್ತದೆಯೇ? ನಮ್ಮಮ್ಮ ಜಾತಿ ಕೇಳಿದರೆ ಏನು ಹೇಳುವುದು? ಅವನು ದೊಡ್ಡವನಾಗಿ ಹಿಮ ಬೇಕೆಂದರೆ ಎಲ್ಲಿಂದ ತರುವುದು? ಕೊನೆಯದನ್ನು ಬಾಯಿಬಿಟ್ಟು ಹೇಳಿದೆ. "ನಿಮ್ಮ ಯೋಚನೆನೆಲ್ಲ ಮೂಟೆ ಕಟ್ಟಿ ಬಸ್ಸಿನ ಮೇಲೆ ಹಾಕಿ. ಕಾಫಿ ಆರ್ತಿದೆ" ಎಂದಳು ಜಯಮ್ಮ.

ಬೈಲಕುಪ್ಪೆಯಲ್ಲಿ ಇಳಿದಾಗ ನಮ್ಮನ್ನು ಕರೆದೊಯ್ಯಲು ಕ್ಯಾಂಪಿನ ಟ್ರ್ಯಾಕ್ಟರ್ ಕಾದಿತ್ತು. ಓಡಿಸುವವನು ನೊರ್ಬು, ನಲವತ್ತರ ಆಸುಪಾಸಿನ ಟಿಬೆಟ್‌ನವನು. ನಾನು ನನಗೆ ತಿಳಿದ ಇಂಗ್ಲಿಷನ್ನೆಲ್ಲ ಜೋಡಿಸಿಕೊಳ್ಳುತ್ತಿದ್ದರೆ ಅವನು, "ಬನ್ನಿ ಸಾ, ಬನ್ನಿ ಅಮ್ಮ, ಟ್ರೇಲರ್‌ನಾಗೆ ಕುಂತ್ಕಳಿ. ಗಟ್ಟಿಯಾಗಿ ಇಡ್ಕಳಿ, ರಸ್ತೆ ಸರಿಗಿಲ್ಲ" ಎಂದ. ಕಾಡು ಕಡಿಯಲು ಬಂದ ಸುತ್ತಲ ಹಳ್ಳಿಯ ಕೂಲಿಗಳೇ ಅವನ ಕನ್ನಡದ ಮೇಷ್ಟ್ರುಗಳಂತೆ.

ದಾರಿಯುದ್ದಕ್ಕೂ ಮುಸುಕಿನ ಜೋಳದ ಹೊಲ, ಆನೆ ಕಾಯುವ ಅಟ್ಟಣೆ, ಹೊಸ ಹೆಂಚಿನ ಸಾಲುಮನೆ. ಒಂದು ಮನೆಯ ಮುಂದಿನಿಂದ ಮೊಣಕಾಲೆತ್ತರದ ಹುಡುಗಿಯೊಬ್ಬಳು "ನೊರ್ಬುಲಾ!" ಎಂದು ಕೂಗಿದಳು. ಅಷ್ಟು ದೊಡ್ಡ ಗಂಡಸಿಗೆ ಇಷ್ಟುದ್ದದ ಹುಡುಗಿ ಏಕವಚನದ ಲಾ ಅನ್ನುವುದೇ? ನಮ್ಮ ದೋರ್ಜೆಯೂ ಹೀಗೇ ಕಲಿತಿದ್ದರೆ ನಮ್ಮಮ್ಮನ ಗತಿಯೇನು?

ನನ್ನ ಮುಖ ನೋಡಿ ನೊರ್ಬು ನಕ್ಕ. "ನಿಮ್ಮೋರ್ ಲಾ ಅಲ್ಲ ಸಾ ಇದು. ನಮ್ಮಲ್ಲಿ ಎಸರಿನ್ ಕಡೇಲಿ ಲಾ ಅಂದ್ರೆ ಮರ್ವಾದೆ. ನೀವು ಅವ್ರೇ, ಇವ್ರೇ ಅನ್ನಕಿಲ್ವಾ, ಅಂಗೆ. ಅಪ್ಪಂಗೆ ಪಾಲಾ, ಅವ್ವಂಗೆ ಆಮಾಲಾ. ಮೊದಮೊದ್ಲು ಕೂಲಿಯೋರು ನಂಗೆ ಬಾರ್ಲಾ ಓಗ್ಲಾ ಅಂದಾಗ, ಎಂಥಾ ಮರ್ವಾದಸ್ತ ಜನ ಅಂತ ಕೈ ಮುಗೀತಿದ್ದೆ."

ಮುದುಕಿಯ ಮನೆ ತಲುಪಿದೆವು. ಅವಳನ್ನು ಎಲ್ಲರೂ ಮೋಲಾ, ಅಂದರೆ ಅಜ್ಜಿಯವರೇ, ಎನ್ನುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಬೆಣ್ಣೆ ಹಾಕಿದ ಉಪ್ಪು ಚಹಾ ಕೊಟ್ಟಳು. ಉಪ್ಪಿನ ಚಹಾ ಎಂದರೆ ಹೋಗಿ ಎಂಬ ಸೂಚನೆಯೋ ಏನೋ ಎಂದು ನಾನು ಬೆವರಿದೆ. ದೋರ್ಜೆ ಅವಳು ಸೊಂಟದ ಮುಂದೆ ಕಟ್ಟಿದ್ದ ಪಟ್ಟೆಪಟ್ಟೆಯ ಮುಂಬಟ್ಟೆಯ ಹಿಂದಿನಿಂದ ಒಂದೇ ಕಣ್ಣಲ್ಲಿ ಇಣುಕುತ್ತಿದ್ದ.

"ಕ್ಯಾಂಪಿನ ಯಜಮಾನ್ರು ಅಜ್ಜಿ ಏಳ್ದಂಗೆ ಅಂದವ್ರೆ. ಕಾಗ್ದ, ಕೋರ್ಟು ಎಲ್ಲ ಆಮೇಲೆ" ಎಂದ ನೊರ್ಬು. "ಅಜ್ಜಿಗೆ ಒಂದೇ ಭಯ ಸಾ. ಸಾಯದ್ರೊಳ್ಗೆ ಇವನಿಗೊಂದು ಮನೆ ಆಗ್ಬೇಕು, ಆದ್ರೆ ಊರ್ನೋರು ಕರ್ಕೊಂಡೋಗಿ ದನ ಕಾಯಕ್ಕೆ ಬುಟ್ಬುಡ್ತಾರೆ ಅಂತ. ನಿಮ್ದು ಏನ್ ಕೆಲ್ಸ ಅಂತ ಕೇಳ್ತಾವ್ಳೆ."

ನಾನು ದನದ ಆಸ್ಪತ್ರೆಯ ಕಾಂಪೌಂಡರ್. ಮೂವತ್ತೆರಡು ಹಲ್ಲಿನ ನಡುವೆ ಆ ಉತ್ತರವನ್ನು ಹೇಗೆ ಹೊರಗೆ ತಂದೆನೋ. ನೊರ್ಬು ಅದನ್ನು ಅವರ ಭಾಷೆಗೆ ತಿರುಗಿಸಿದಾಗ ಮುದುಕಿಯ ಮುಖ ಬಿಗಿಯಿತು. ಜಯಮ್ಮ ನನ್ನತ್ತ ನೋಡಲಿಲ್ಲ. ಡಬ್ಬಿ ಬಿಚ್ಚಿ, ತಂಬಿಟ್ಟು ಮುರಿದು, ಕೈ ಚಾಚಿದಳು.

"ಬಾರ್ಲಾ ಮಗ. ತಿನ್ನು ಬಾರ್ಲಾ. ನನ್ನ ಮರ್ತ್ಬಿಟ್ಯೇನ್ಲಾ?"

ಮುದುಕಿ ತಟ್ಟನೆ ತಲೆಯೆತ್ತಿದಳು. ನೊರ್ಬುವನ್ನು ಏನೋ ಕೇಳಿದಳು, ಮತ್ತೆ ಕೇಳಿದಳು. ಕಣ್ಣಲ್ಲಿ ನೀರು ಬಂತು.

"ಏನಂತೆ?" ಎಂದೆ.

ನೊರ್ಬು ಮೀಸೆಯಡಿ ನಗು ಅದುಮಿಕೊಂಡಿದ್ದ. "ಇಷ್ಟುದ್ದದ ಹುಡುಗಂಗೂ ಮಾತು ಮಾತ್ಗೂ ಲಾ ಅಂತಾರಲ್ಲ, ದೊಡ್ಡ ಮನ್ಸಿನೋರು, ಕೊಡ್ತೀನಿ ಅಂತಾವ್ಳೆ."

ಜಯಮ್ಮನ ಕೈ ಚಾಚಿದಂತೆಯೇ ನಿಂತಿತು. ನನಗೆ ಬೇಕಾದದ್ದು ಎದುರಿಗೇ ಇತ್ತು. ಆದರೆ ನನ್ನ ಹಣೆಬರಹಕ್ಕೆ ಯೋಚನೆ ಶುರುವಾಯಿತು. ನಾಳೆ ಯಾರಾದರೂ ಈ ಲಾ ಎಂಥದ್ದೆಂದು ಹೇಳಿದರೆ, ಕಣ್ಣು ಕಾಣದವಳಿಗೆ ಮೋಸ ಮಾಡಿ ಮಗು ಕೊಂಡೊಯ್ದರು ಎಂದುಕೊಂಡೇ ಅವಳು ಸಾಯುತ್ತಾಳೆ.

"ಅದು ಮರ್ಯಾದೆ ಅಲ್ಲ ಅಂತ ಹೇಳಪ್ಪ" ಎಂದೆ.

"ಸುಮ್ಕಿರಿ ಸಾ! ಒಳ್ಳೇದಾಯ್ತಾ ಅದೆ. ಯಾಕ್ ಕೆಡಿಸ್ಕತೀರಿ?"

"ಹೇಳಿಬಿಡಿ" ಎಂದಳು ಜಯಮ್ಮ.

ನೊರ್ಬು ಒಲ್ಲದ ಮನಸ್ಸಿನಿಂದ ಹೇಳಿದ. ಮುದುಕಿಯದು ಒಂದೇ ಪ್ರಶ್ನೆ: ಹಾಗಾದರೆ ಯಾರಿಗೆ ಅನ್ನುತ್ತೀರಿ?

"ಗೆಳೆಯರಿಗೆ, ತಮ್ಮನಿಗೆ, ಮಗನಿಗೆ..." ಎಂದೆ. ನಿಲ್ಲಿಸಬಹುದಿತ್ತು. "ಆಳಿಗೂ ಅಂತಾರೆ" ಎಂದೂ ಸೇರಿಸಿದೆ.

ಜಯಮ್ಮ ನನ್ನನ್ನು ಸುಟ್ಟುಬಿಡುವಂತೆ ನೋಡಿ, ಮುದುಕಿಯ ಹತ್ತಿರ ಸರಿದು ಕೂತಳು. "ನೋಡಿ ಅಜ್ಜಿ, ನನ್ನ ತಮ್ಮ ಎರಡು ಮಕ್ಕಳ ತಂದೆ, ಅವನಿಗೆ ಇವತ್ತಿಗೂ ಲಾ ಅಂತೀನಿ. ಪಕ್ಕದ ಮನೆ ಹುಡುಗರಿಗೆ ಒಂದಿನಾನೂ ಅಂದೋಳಲ್ಲ. ಬಾಯಿಗೆ ಬರಲ್ಲ. ಇವನನ್ನ ನೋಡಿದ ತಕ್ಷಣ ಬಂತು. ನಾನೇನ್ ಮಾಡ್ಲಿ?"

ಇದನ್ನು ತಿರುಗಿಸುವಾಗ ನೊರ್ಬು ನಗಲಿಲ್ಲ. ಮುದುಕಿ ಕೇಳಿದಳು, ಕೆಮ್ಮಿದಳು, ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ಮೈಯೆಲ್ಲ ಕುಲುಕುವಂತೆ ನಕ್ಕಳು. ಅವಳು ಹೇಳಿದ್ದನ್ನು ನೊರ್ಬು ಹೀಗೆ ಹೇಳಿದ: "ಮರ್ವಾದೆ ಕೊಡಕ್ಕೆ ಇಲ್ಲಿ ನಾವೆಲ್ಲ ಇದೀವಿ. ಅವನಿಗೆ ಇಲ್ದೇ ಇದ್ದದ್ದು ನಿಮ್ ಲಾನೇ. ಕರ್ಕೊಂಡೋಗಿ. ಎಸ್ರು ಮಾತ್ರ ಬದ್ಲಾಯಿಸ್ಬೇಡಿ, ನಮ್ ವರ್ಷದ ಹಬ್ಬಕ್ಕೆ ಕರ್ಕೊಂಡ್ ಬನ್ನಿ."

ಅಷ್ಟರಲ್ಲಿ ದೋರ್ಜೆ ಮುಂಬಟ್ಟೆಯ ಹಿಂದಿನಿಂದ ಬಂದು ತಂಬಿಟ್ಟು ಎತ್ತಿಕೊಂಡಿದ್ದ. ಮೂಸಿ ನೋಡಿ, "ಇಡ್ಲಿ?" ಎಂದ.

ಮುದುಕಿ ನಮ್ಮ ಮೂವರ ಕೊರಳಿಗೂ ಶುಭ ಹಾರೈಸುವ ಬಿಳಿಯ ವಸ್ತ್ರ ಹಾಕಿ, ಹುಡುಗನ ಹಣೆಗೆ ಹಣೆ ತಾಗಿಸಿದಳು. ರಸ್ತೆಯವರೆಗೂ ಟ್ರ್ಯಾಕ್ಟರಿನಲ್ಲಿ ಬಂದಳು. ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಪೊರೆಗಣ್ಣಿನ ಅಜ್ಜಿ ಮಡಿಕೇರಿ ಕಡೆ ಹೋಗುತ್ತಿದ್ದ ಒಂದು ಲಾರಿಗೆ ಕೈ ಬೀಸುತ್ತಿದ್ದಳು. ನೊರ್ಬು ಮೆಲ್ಲಗೆ ಅವಳ ಭುಜ ಹಿಡಿದು ನಮ್ಮತ್ತ ತಿರುಗಿಸಿದ. ಅವಳು ಬೀಸುತ್ತಲೇ ಇದ್ದಳು.

ಬೆಳಗಿನ ಕಂಡಕ್ಟರೇ ಬಂದ. "ಹುಣಸೂರು, ಎರಡೂವರೆ" ಎಂದೆ. ಆ ಅರ್ಧವನ್ನು ಜನ್ಮದಲ್ಲಿ ಮೊದಲ ಸಲ ಕೇಳಿದ್ದು.

"ವಯಸ್ಸೆಷ್ಟು ಸಾ?"

ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನಗೆ ತಿಳಿದ ವಿದ್ಯೆ ಒಂದೇ. ಹುಡುಗನ ಗಲ್ಲ ಎತ್ತಿ ಬಾಯಿ ತೆರೆಸಿದೆ. ಕೆಳಗಿನ ಒಂದು ಹಾಲುಹಲ್ಲು ಅಲ್ಲಾಡುತ್ತಿತ್ತು. "ಆರಕ್ಕೆ ಹತ್ತಿರ" ಎಂದೆ. "ಮಗು ಕಣ್ರೀ ಅದು, ಹೋರಿಕರು ಅಲ್ಲ!" ಎಂದಳು ಜಯಮ್ಮ.

ಹುಡುಗ ತಪ್ಪಿಸಿಕೊಂಡು ಕಿಟಕಿಗೆ ಅಂಟಿಕೊಂಡ. ಹೊಗೆಸೊಪ್ಪಿನ ಮನೆಯ ನೆತ್ತಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಅವನು ನನ್ನ ತೋಳು ಜಗ್ಗಿ, ಅತ್ತ ಬೊಟ್ಟು ಮಾಡಿ, "ಪಾಲಾ!" ಎಂದ.

ಕಂಡಕ್ಟರ್ ಹೋ ಎಂದು ನಕ್ಕ. "ಏನ್ ಸಾ ಇದು, ಬಸ್ ಅತ್ತುತ್ಲೂವೆ ಅಪ್ಪಂಗೇ ಲಾ ಅಂತಾವ್ನಲ್ಲ!"

"ಮರ್ಯಾದೆ ಕೊಡ್ತಾವ್ನೆ ಕಣ್ಲಾ" ಎಂದೆ. "ಟಿಕೆಟ್ ಹರಿ."