ಬಂದವರು ಬದಲಾಯಿಸಿಕೊಳ್ಳಬೇಕು

ನನ್ನ ಹೆಸರೂ ನನ್ನ ಅತ್ತೆಯ ಹೆಸರೂ ಒಂದೇ ಆಗಿತ್ತು. ಹೆಣ್ಣು ನೋಡುವ ಶಾಸ್ತ್ರ ಮುಗಿದು, ಮಾತುಕತೆಯಾಗಿ, ಛತ್ರ ಗೊತ್ತಾಗುವವರೆಗೂ ಇದು ಯಾರಿಗೂ ತೊಂದರೆಯಾಗಿ ಕಂಡಿರಲಿಲ್ಲ. ಮದುವೆ ಹತ್ತಿರ ಬಂದಾಗ ಮೈಸೂರಿನ ಲಕ್ಷ್ಮೀಪುರಂನಿಂದ ಕೆಸರೆಯ ನಮ್ಮ ಮನೆಗೆ ಬಂದ ಅತ್ತೆ, ಕಾಫಿ ಲೋಟ ಕೆಳಗಿಟ್ಟು ಅಪ್ಪನಿಗೆ ಹೇಳಿದರು.

"ನನ್ ಮಗ ಹೆಂಡ್ತೀನ ಕೂಗೋಕೆ ತಾಯಿ ಹೆಸರು ಹಿಡಿದ್ರೆ ಚೆನ್ನಾಗಿರುತ್ತಾ ಹೇಳಿ. ನಾಳೆ ನಾನು ಸೊಸೇನ ಬಯ್ಯೋ ದಿನ ಬಂದ್ರೆ ನನ್ನನ್ನೇ ಬಯ್ಕೊಂಡಂಗಾಗುತ್ತೆ. ಬಂದವ್ರು ಬದಲಾಯಿಸ್ಕೋಬೇಕು ಕಣ್ರೀ, ಇದ್ದವ್ರಲ್ಲ."

ಅಪ್ಪ ತಲೆಯಾಡಿಸಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಸೊಸೆಯನ್ನು ಬಯ್ಯುವುದಂತೂ ಖಾತ್ರಿ ಅನ್ನುವುದು ಅವರ ಮಾತಿನಲ್ಲೇ ಇತ್ತು, ಅದಕ್ಕೆ ನಗುವೇ ಬಂತು. ಬೇರೇನೂ ಅನ್ನಿಸಲಿಲ್ಲ.

ಮದುವೆಯ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಗಂಡನ ಕೈಯಿಂದ ಉಂಗುರದ ತುದಿಯಲ್ಲಿ ಹೊಸ ಹೆಸರು ಬರೆಸಿದರು. ಗಂಡನ ಸೋದರತ್ತೆ ಆರಿಸಿದ ಹೆಸರು ಅದು. ಫೋಟೋದವನು ಇನ್ನೊಂದು ಸಲ ಬರೆಯಿರಿ ಎಂದ, ಇವರು ಅಕ್ಕಿ ಸರಿಪಡಿಸಿ ಇನ್ನೊಂದು ಸಲ ಬರೆದರು. ಆಗ ಅಳು ಬಂತಾ ಎಂದು ಗೆಳತಿಯರು ಆಮೇಲೆ ಕೇಳಿದ್ದಾರೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ, ಎದುರಿಗೆ ಅಷ್ಟು ಅಕ್ಕಿ. ಹಸಿವಾಗಿತ್ತು, ಅಷ್ಟೇ.

ಮಾರನೆಯ ದಿನದಿಂದಲೇ ಅಪ್ಪ ನನ್ನನ್ನು ಹೊಸ ಹೆಸರಿನಿಂದ ಕರೆಯತೊಡಗಿದರು. ಅಮ್ಮ ನಾಲಿಗೆ ತಪ್ಪಿ ಹಳೆಯದನ್ನು ಹಿಡಿದರೆ ಗದರುತ್ತಿದ್ದರು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ಅವ್ರು ಇಟ್ಟಿರೋ ಹೆಸರು, ನಾವು ಬೇರೆ ಕೂಗುದ್ರೆ ಅವ್ರಿಗೆ ಮರ್ಯಾದೆ ಅಲ್ಲ." ಬೀಗರಿಗೆ ಎಲ್ಲಿ ಬೇಜಾರಾಗುತ್ತದೋ ಎಂಬ ಅಂಜಿಕೆ ಅವರಿಗೆ. ತಾವೇ ಇಟ್ಟ ಹೆಸರನ್ನು ಇಷ್ಟು ಸಲೀಸಾಗಿ ಬಿಡಬಹುದಾದರೆ ಇಡುವ ಶ್ರಮವನ್ನಾದರೂ ಯಾಕೆ ತೆಗೆದುಕೊಂಡರೋ. ಅಮ್ಮ ಎರಡೂ ಬೇಡವೆಂದು "ಮಗಾ" ಎನ್ನತೊಡಗಿದಳು. ನನ್ನ ಗಂಡ ಪಾಪ ಒಳ್ಳೆಯವರು, ಹಳೆಯದನ್ನೂ ಕರೆಯಲಿಲ್ಲ, ಹೊಸದನ್ನೂ ಕರೆಯಲಿಲ್ಲ. ಇವತ್ತಿಗೂ ನಾನು ಅವರಿಗೆ "ಇಲ್ನೋಡು".

ಹಳೆಯ ಹೆಸರು ಉಳಿದದ್ದು ಒಂದೇ ಕಡೆ, ಆಫೀಸಿನಲ್ಲಿ. ಮದುವೆಗೆ ಮುಂಚೆಯೇ ಸೇರಿದ್ದ ಕೆಲಸ. ಅಂಕಪಟ್ಟಿಯಲ್ಲಿದ್ದ ಹೆಸರೇ ಅಲ್ಲಿ ನಡೆಯುತ್ತಿತ್ತು. ಬೆಳಿಗ್ಗೆ ಬಸ್ಸಿಳಿದು ಗೇಟು ದಾಟಿದರೆ ಆ ಹೆಸರಿನವಳು, ಸಂಜೆ ಲಕ್ಷ್ಮೀಪುರಂ ತಲುಪಿದರೆ ಈ ಹೆಸರಿನವಳು. ಆ ಒಂದು ಹೆಸರು ಅಲ್ಲಾದರೂ ಇರಲಿ ಎಂದು ಒಳಗೆ ಆಸೆಯಿತ್ತು. ಆದರೆ ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ.

ನನ್ನ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಲ್ಲಿ ಕಡತಗಳನ್ನೆಲ್ಲ ಇಡುವ ದೊಡ್ಡ ಕಂಪ್ಯೂಟರ್ ಪೆಟ್ಟಿಗೆಗಳಿದ್ದವು. ಹಲವು ಪೆಟ್ಟಿಗೆ ಸೇರಿ ಒಂದೇ ಎಂಬಂತೆ ಕೆಲಸ ಮಾಡುವುದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಈ ಕ್ಲಸ್ಟರಿಗೆ ತಾನಾಗಿ ಯಾರ ಹೆಸರೂ ಗೊತ್ತಿಲ್ಲ. ಯಾರಾದರೂ ಬಂದು ಕಡತ ಕೇಳಿದರೆ ಅದು ಎಲ್ಲರ ಹೆಸರಿನ ಪಟ್ಟಿಯಿರುವ ಇನ್ನೊಂದು ಕಂಪ್ಯೂಟರನ್ನು, ಅಂದರೆ ಸರ್ವರನ್ನು, ಕೇಳುತ್ತದೆ: ಇವರು ಯಾರು, ಒಳಗೆ ಬಿಡಬಹುದೇ? ಯಾವ ಸರ್ವರನ್ನು ಕೇಳಬೇಕು, ಅದು ಉತ್ತರಿಸದಿದ್ದರೆ ಆಮೇಲೆ ಯಾವುದನ್ನು ಕೇಳಬೇಕು ಎಂದು ಕ್ಲಸ್ಟರಿಗೆ ಹೇಳಿಡುವುದು ನನ್ನ ಕೆಲಸ. ಒಂದೊಂದು ಪೆಟ್ಟಿಗೆಯ ಮುಂದೆ ಹೋಗಿ ಕೂರಬೇಕಿಲ್ಲ. ಕೂತಲ್ಲಿಂದಲೇ ಒಂದು ಗೊತ್ತಾದ ಮಾದರಿಯಲ್ಲಿ ಆಜ್ಞೆ ಬರೆದು ಕಳಿಸಿದರೆ ಅದೇ ಮಾದರಿಯಲ್ಲಿ ಉತ್ತರ ಬರುತ್ತದೆ. ಅದಕ್ಕೆ ಎಪಿಐ ಎನ್ನುತ್ತಾರೆ. ವಿನಯವೂ ಇಲ್ಲ, ಜಂಬವೂ ಇಲ್ಲದ ಮಾತುಕತೆ ಅದು, ನನಗೆ ಹಿಡಿಸಿತ್ತು.

ಒಮ್ಮೆ ಪಕ್ಕದ ಮೇಜಿನ ಸಹೋದ್ಯೋಗಿಗೆ "ಹೊಸ ಸರ್ವರ್ ಅಡ್ರೆಸ್ಸು ಹಾಕ್ಬುಡಿ" ಎಂದು ಹೇಳಿ ಊಟಕ್ಕೆ ಹೋದೆ. ಹಾಕುವುದೆಂದರೆ ಇರುವುದರ ಜೊತೆಗೆ ಸೇರಿಸುವುದು ಎಂದು ನನ್ನ ಲೆಕ್ಕ. ಅವರು ಹೊಸದೊಂದನ್ನೇ ಬರೆದು ಕಳಿಸಿದರು. ಎಪಿಐ ಇದ್ದುದನ್ನೆಲ್ಲ ಅಳಿಸಿ ಅದೊಂದನ್ನೇ ಇಟ್ಟುಕೊಂಡಿತು. ಆ ಹೊಸ ಸರ್ವರಾದರೋ ಇನ್ನೂ ಶುರುವೇ ಆಗಿರಲಿಲ್ಲ. ಬಂದು ನೋಡುತ್ತೇನೆ, ಪ್ರತಿ ಕಡತದ ಎದುರಿಗೂ ಅದರ ಒಡೆಯರ ಹೆಸರಿರಬೇಕಾದ ಜಾಗದಲ್ಲಿ ಬರೀ ನಂಬರು. ಪೆಟ್ಟಿಗೆ ಒಳಗಡೆ ಮನುಷ್ಯರನ್ನು ನಂಬರಿನಿಂದಲೇ ಗುರುತಿಟ್ಟುಕೊಂಡಿರುತ್ತದೆ, ಹೆಸರು ಹೊರಗಿನವರ ಅನುಕೂಲಕ್ಕೆ. ಸರಿಪಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಯಾರದ್ದೂ ಏನೂ ಕಳೆಯಲಿಲ್ಲ. ಹೆಸರಿಲ್ಲದೆಯೂ ಎಲ್ಲ ನಡೆಯುತ್ತದಲ್ಲ ಎಂದು ಸಮಾಧಾನವೂ ಅಲ್ಲದ, ಬೇಸರವೂ ಅಲ್ಲದ ಏನೋ ಒಂದು ಅನ್ನಿಸಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಂಪನಿಯವರು ಪುಣೆಯ ಒಂದು ಕಂಪನಿಯನ್ನು ಕೊಂಡರು. ಎರಡು ಕಡೆಯವರ ಹೆಸರನ್ನೂ ಒಂದೇ ಸರ್ವರಿಗೆ ಸೇರಿಸಿ, ಕ್ಲಸ್ಟರುಗಳೆಲ್ಲ ಇನ್ನು ಮೇಲೆ ಅದನ್ನೇ ಕೇಳುವಂತೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸೇರಿಸುವಾಗ ಒಂದೇ ಹೆಸರಿನವರು ಇಬ್ಬಿಬ್ಬರು ಸಿಕ್ಕರು. ಒಂದು ಹೆಸರಿಗೆ ಒಬ್ಬರೇ ಇರಬೇಕು, ಇನ್ನೊಬ್ಬರು ಬದಲಾಯಿಸಿಕೊಳ್ಳಬೇಕು. ನಾಳೆಯಿಂದ ನಿಮ್ಮ ಹೆಸರು ಹೀಗಿರುತ್ತದೆ, ಅನನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಪುಣೆಯವರಿಗೆ ಮೇಲ್ ಕಳಿಸುತ್ತಾ ಹೋದೆ. ವಿಷಾದವೇನೂ ಇರಲಿಲ್ಲ.

ಅಲ್ಲಿಂದ ಮೈಸೂರಿಗೆ ವರ್ಗವಾಗಿ ಬಂದಿದ್ದ ಹಿರಿಯರೊಬ್ಬರು, ಮೂಲ ಮಂಡ್ಯ ಕಡೆಯವರು, ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಅಲ್ಲಮ್ಮ, ಕೆಲ್ಸಕ್ಕೆ ಸೇರ್ದಾಗ್ಲಿಂದ ಇರೋ ಹೆಸರು. ನಾನ್ಯಾಕೆ ಬದಲಾಯಿಸ್ಲಿ? ನಿಮ್ಮೋರೇ ಬದಲಾಯಿಸ್ಕೊಳ್ಲಿ."

"ಬಂದವ್ರು ಬದಲಾಯಿಸ್ಕೋಬೇಕು ಸಾರ್, ಇದ್ದವ್ರಲ್ಲ" ಎಂದೆ.

ಹೇಳಿ ಮುಗಿದ ಮೇಲೆ ಅದು ಯಾರ ಮಾತೆಂದು ಗೊತ್ತಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದದ್ದು ಈ ಬಡಪಾಯಿಯ ಮೇಲೆ. ಅವರು ಏನೋ ಗೊಣಗುತ್ತಾ ಹೋದರು. ನಾನು ಮುಂದಿನ ಹೆಸರು ತೆಗೆದುಕೊಂಡೆ.

ಮುಂದಿನ ಹೆಸರು ನನ್ನದೇ. ಪುಣೆಯಲ್ಲಿ ನನ್ನ ಹೆಸರಿನವರೇ ಒಬ್ಬರಿದ್ದರು, ದೊಡ್ಡ ಹುದ್ದೆಯಲ್ಲಿ. ನಿಯಮದ ಪ್ರಕಾರ ಅವರು ಬಂದವರು, ನಾನು ಇದ್ದವಳು. ಮೇಲ್ ಬರೆದಿಟ್ಟು, ಕಳಿಸುವ ಮುಂಚೆ ನಮ್ಮ ಸಾಹೇಬರಿಗೆ ತೋರಿಸಿದೆ. ಅವರು ನನ್ನ ಮಗಳ ನಾಮಕರಣಕ್ಕೆ ಬಂದು, ಎರಡು ಸಲ ಹೋಳಿಗೆ ಹಾಕಿಸಿಕೊಂಡು ಊಟ ಮಾಡಿದವರು.

"ನೋಡಮ್ಮ, ಅವ್ರು ದೊಡ್ಡೋರು. ಕಸ್ಟಮರ್‌ಗಳಿಗೆಲ್ಲ ಅವ್ರ ಹೆಸರೇ ಗೊತ್ತಿರೋದು. ನಿನ್ನ ಹೆಸರಿನ ಪಕ್ಕ ಎರಡು ಅಂತ ಹಾಕ್ಕೋಬೋದು, ಅದು ನೋಡೋಕೆ ಚೆನ್ನಾಗಿರಲ್ಲ. ನಿನಗೆ ಎಂಗೂ ಮನೇಲಿ ಇನ್ನೊಂದು ಹೆಸರಿದೆಯಲ್ಲ?"

"ಇದೆ ಸಾರ್."

"ಮತ್ತೆ? ಅದನ್ನೇ ಇಟ್ಕೋ. ಲಾಗಿನ್ನಿಗೆ ಒಂದು, ಮೇಲಿಗೆ ಒಂದು ಅಂತ ಬೇಡ, ಎಲ್ಲಾ ಕಡೆ ಒಂದೇ ಮಾಡ್ಬುಡು."

ಆಗಲ್ಲ ಎನ್ನಬಹುದಿತ್ತು. ಈ ಹೆಸರು ಉಳಿದಿರುವುದು ಇಲ್ಲಿ ಮಾತ್ರ ಸಾರ್, ಇದನ್ನೂ ಕೇಳಬೇಡಿ ಎನ್ನಬಹುದಿತ್ತು. ಬಾಯಿಗೆ ಬಂದದ್ದು "ಆಗ್ಲಿ ಸಾರ್" ಎಂಬ ಮಾತು. ಅವರು ಖುಷಿಯಾಗಿ ಕಾಫಿ ತರಿಸಿದರು. ಕುಡಿದೆ. ಸಕ್ಕರೆ ಜಾಸ್ತಿಯಿತ್ತು ಎಂಬುದು ನೆನಪಿದೆ, ಸಿಟ್ಟು ಬಂದದ್ದು ನೆನಪಿಲ್ಲ.

ಮಧ್ಯಾಹ್ನ ಕೂತು ನಾನೇ ಬದಲಾಯಿಸಿದೆ. ಮೊದಲು ಹೊಸ ಸರ್ವರಿನಲ್ಲಿ ನನ್ನ ಹೆಸರು ಅಳಿಸಿ ಮನೆಯ ಹೆಸರು ಬರೆದೆ. ಆಮೇಲೆ ಕ್ಲಸ್ಟರುಗಳಿಗೆ, ಇನ್ನು ಮೇಲೆ ಈ ಸರ್ವರನ್ನೇ ಮೊದಲು ಕೇಳಿ ಎಂದು ಆಜ್ಞೆ ಕಳಿಸಿದೆ. ಈ ಸಲ ಹಳೆಯ ಸರ್ವರುಗಳ ವಿಳಾಸವನ್ನೂ ಮರೆಯದೆ ಹಿಂದೆ ಸೇರಿಸಿದ್ದೆ. ಎಲ್ಲದರಿಂದಲೂ ಆಯಿತು ಎಂದು ಉತ್ತರ ಬಂತು. ನನ್ನ ಕಡತಗಳನ್ನು ತೆರೆದು ನೋಡಿದೆ. ನಂಬರು ಅದೇ ಇದ್ದುದರಿಂದ ಹಳೆಯ ಕಡತಗಳ ಎದುರಿಗೂ ಹೊಸ ಹೆಸರೇ ಬಂದಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ, ಮದುವೆಯ ಯೋಚನೆಯೂ ಇಲ್ಲದಿದ್ದಾಗ ಬರೆದದ್ದನ್ನೂ ಲಕ್ಷ್ಮೀಪುರಂನ ಸೊಸೆಯೇ ಬರೆದಂತಾಗಿತ್ತು. ಕೆಲಸ ಸರಿಯಾಗಿದೆ ಎಂದುಕೊಂಡೆ. ನಿಜಕ್ಕೂ ಸರಿಯಾಗಿತ್ತು. ಬಸ್ಸಿಗೆ ಹೊತ್ತಾಗಿದೆಯೆಂದು ಎದ್ದೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅತ್ತೆಗೆ ಸಂತೋಷವಾಗುತ್ತಿತ್ತು, ಅದನ್ನು ನೋಡುವ ಉತ್ಸಾಹ ಇರಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಸಹೋದ್ಯೋಗಿಗಳು ಕೆಲವು ದಿನ ತಡವರಿಸಿ ಆಮೇಲೆ ರೂಢಿ ಮಾಡಿಕೊಂಡರು.

ಕೆಲವು ವಾರ ಕಳೆದು, ಒಂದು ಭಾನುವಾರ ಕೆಸರೆಗೆ ಹೋದೆ. ಅಪ್ಪನದು ಹಿಟ್ಟಿನ ಮಿಲ್ಲು. ಭಾನುವಾರವೇ ಅಲ್ಲಿ ಜನ ಜಾಸ್ತಿ. ಡಬ್ಬ ಇಟ್ಟುಕೊಂಡು ಹೆಂಗಸರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಮೋಟಾರು ಓಡುತ್ತಿದ್ದರೆ ಅಲ್ಲಿ ಗಟ್ಟಿಯಾಗಿ ಹೇಳದ ಹೊರತು ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಕೇಳುವುದಿಲ್ಲ. ಅಪ್ಪ ರಾಗಿ ಸುರಿಯುತ್ತಾ ನನ್ನ ಕಡೆ ನೋಡಿದರು.

"ಪುಣೆಯಿಂದ ಯಾವಾಗ್ ಬಂದೆ?"

"ನಾನೆಲ್ಲಿ ಪುಣೆಗೆ ಹೋಗಿದ್ದೆ ಅಪ್ಪ?"

"ಬುಡು, ಹೇಳ್ದೆ ಹೋದೆ ಅಂತ ನಾನೇನೂ ಬೇಜಾರ್ ಮಾಡ್ಕೊಂಡಿಲ್ಲ" ಎಂದರು. ಬೇಜಾರು ಮುಖದಲ್ಲೇ ಇತ್ತು. "ನಿಮ್ಮ ಗೇಟಿನೋರೇ ಹೇಳುದ್ರು."

ವಿಷಯ ಬಿಡಿಸಿ ಕೇಳಿದೆ. ಹಿಂದಿನ ವಾರ ಮಿಲ್ಲಿನ ಬೆಲ್ಟು ತರಲು ಲಷ್ಕರ್ ಮೊಹಲ್ಲಾಕ್ಕೆ ಹೋಗಿದ್ದರಂತೆ. ಮೊಮ್ಮಗಳಿಗೆಂದು ಹುರಿಹಿಟ್ಟು ಮಾಡಿಟ್ಟಿದ್ದರು, ಹಾಗೇ ಕೊಟ್ಟುಬಿಡೋಣವೆಂದು ಮೊಪೆಡ್ಡಿನಲ್ಲಿ ನಮ್ಮ ಆಫೀಸಿಗೆ ಬಂದಿದ್ದರು. ಅಲ್ಲಿಗೆ ಅವರು ಬಂದದ್ದು ಅದೇ ಮೊದಲು.

"ಯಾರು ಬೇಕು ಅಂದ. ಹೆಸರೇಳ್ದೆ. ಕಂಪ್ಯೂಟರ್ ನೋಡ್ಬುಟ್ಟು, ಅವ್ರು ಪುಣೆ ಆಫೀಸಲ್ಲವ್ರೆ ಅಂದ. ಇಲ್ಲಾ ಕಣಪ್ಪ, ನನ್ ಮಗಳು, ದಿನಾ ಇಲ್ಲೇ ಬರ್ತಾಳೆ ಅಂದೆ. ಯಜಮಾನ್ರೇ, ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ, ಪುಣೇಲವ್ರೆ ಅಂದ. ಸರಿ, ಆಫೀಸಿನೋರು ಕಳಿಸಿರ್ತಾರೆ ಅಂತ ಬಂದ್ಬುಟ್ಟೆ. ಹುರಿಟ್ಟು ಪಕ್ಕದ ಮನೆ ಮಕ್ಕಳಿಗೆ ಕೊಟ್ಬುಟ್ಟೆ."

ಗೇಟಿನ ಕಂಪ್ಯೂಟರೂ ಅದೇ ಹೊಸ ಸರ್ವರನ್ನು ಕೇಳುತ್ತಿತ್ತು. ಅದನ್ನು ಅಪ್ಪನಿಗೆ ವಿವರಿಸುವ ಶಕ್ತಿ ನನಗಿರಲಿಲ್ಲ. ಒಂದು ಮಾತು ಮಾತ್ರ ಕೇಳಬೇಕಿತ್ತು.

"ಯಾವ ಹೆಸರು ಹೇಳುದ್ರಿ ಅಪ್ಪ?"

ಅವರು ಬೆಂಚಿನ ಕಡೆ ಒಮ್ಮೆ ನೋಡಿದರು. ಬೀಗರ ಕಡೆಯವರು ಯಾರಾದರೂ ಕೂತಿದ್ದಾರೆಯೇ ಎಂದು ನೋಡಿದಂತಿತ್ತು. "ಆಫೀಸಲ್ಲಿ ಇನ್ನೂ ಅದೇ ನಡೀತೈತೆ ಅಂತ ನಿಮ್ಮವ್ವ ಹೇಳ್ತಿದ್ಲಲ್ಲ, ಅದ್ನೇ" ಎಂದರು.

"ಅದ್ನೇ ಅಂದ್ರೆ?"

ಅಪ್ಪ ತಲೆ ತಗ್ಗಿಸಿ, ರಾಗಿಗೆ ಹೇಳುವ ಹಾಗೆ ಮೆಲ್ಲಗೆ ಆ ಹೆಸರು ಹೇಳಿದರು. ಮದುವೆಯಾದ ಮೇಲೆ ನನ್ನ ಮುಂದೆ ಅವರು ಅದನ್ನು ಹೇಳಿದ್ದು ಅದೇ ಮೊದಲು. ಅಷ್ಟು ಸದ್ದಿನಲ್ಲೂ ಪ್ರತಿ ಅಕ್ಷರ ಕೇಳಿಸಿತು. ಅಕ್ಕಿಯಲ್ಲಿ ಬರೆಯುವಾಗ ಬಾರದ್ದು, ಸಾಹೇಬರ ಕಾಫಿ ಕುಡಿಯುವಾಗ ಬಾರದ್ದು, ನನ್ನ ಕೈಯಿಂದಲೇ ಅಳಿಸುವಾಗಲೂ ಬಾರದ್ದು, ಅದೆಲ್ಲ ಈಗ ಒಟ್ಟಿಗೆ ಬಂತು. ಅಳು ಬಂತು, ಸಿಟ್ಟೂ ಬಂತು. ಅಪ್ಪನ ಮೇಲೆ, ಅತ್ತೆಯ ಮೇಲೆ, ಹೂಂ ಎಂದು ಹೂಂ ಎಂದು ಬದುಕಿದ ನನ್ನ ಮೇಲೆ.

"ಏನಂದ್ರಿ?" ಎಂದೆ.

"ಕೇಳುಸ್ಲಿಲ್ವ?"

"ಇಲ್ಲ ಅಪ್ಪ."

ಅಪ್ಪ ರಾಗಿಯ ಡಬ್ಬ ಕೆಳಗಿಟ್ಟರು. ಮೋಟಾರಿನ ಸದ್ದಿಗೆ ಮೀರಿ, ಬೀದಿಯಲ್ಲಿ ಆಡುತ್ತಿದ್ದ ಮಗಳನ್ನು ಊಟಕ್ಕೆ ಕರೆಯುವ ಗಂಟಲಿನಲ್ಲಿ, ನನ್ನ ಹೆಸರು ಹಿಡಿದು ಕೂಗಿದರು. ಬೆಂಚಿನ ಮೇಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ಇಲ್ಲೇ ಇದೀನಿ ಅಪ್ಪ" ಎಂದೆ.